ಚಿಟಿಕೆ ಚಿಟಿಕೆ ಮಣ್ಣು

ಕಚ್ಛದ ಗಣಿಯ ಮಣ್ಣಿನ ಪುಡಿ ನೀರು ತುಂಬಿದ ಗಾಜಿನ ಲೋಟದ ತಳದಲ್ಲಿ ಗಂಟುಗಂಟಾಗಿ ಕೂತಿತ್ತು.

"ಇದು ನೀರಲ್ಲಿ ಉಬ್ಬೋ ಮಣ್ಣೇ ಅಲ್ಲ, ಯಾರೂ ಕೊಳ್ಳಲ್ಲ. ಈ ಗುಂಡೀನೂ ಮುಚ್ಚಿಸ್ತೀನಿ," ಎಂದ ಹೊಸ ಪರೀಕ್ಷಕ ಪರೇಶ.

ಇಪ್ಪತ್ತು ವರ್ಷದಿಂದ ಆ ಮಣ್ಣನ್ನು ಬಿಸಿಲಿಗೆ ಹರವುತ್ತಿದ್ದ ಜೀವುಬೆನ್‌ಗೆ ರೇಗಿತು. "ಒಂದೇ ಸಲ ಸುರಿದ್ಯಾ? ಮಜ್ಜಿಗೆ ಕಢಿಗೆ ಕಡಲೆಹಿಟ್ಟನ್ನ ಹೀಗೇ ಸುರೀತಾಳಾ ನಿಮ್ಮಮ್ಮ? ಮೇಲಿಂದು ನೆಂದು ಅಂಟಿಕೊಳ್ತು, ಒಳಗಿಂದಕ್ಕೆ ನೀರೇ ಮುಟ್ಟಿಲ್ಲ. ಸರಿ ಆಚೆ!"

ಬೇರೆ ಲೋಟದ ನೀರಿಗೆ ಅವಳು ಅದೇ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದಳು. ಒಂದು ಮುಳುಗಿದ ಮೇಲೆ ಇನ್ನೊಂದು. ಸಂಜೆಯ ಹೊತ್ತಿಗೆ ಮಣ್ಣು ಉಬ್ಬಿ ಅರ್ಧ ಲೋಟಕ್ಕೆ ಏರಿತ್ತು.

"ಈ ಗುಂಡಿ ಉಳೀತು, ಜೀವುಬೆನ್," ಎಂದು ಪರೇಶ ತಲೆ ಕೆರೆದುಕೊಂಡ.

"ಹೋದ ವಾರ ಮುಚ್ಚಿಸಿದೆಯಲ್ಲ, ಆ ಗುಂಡಿ ಮಣ್ಣೂ ತಂದಿದ್ದೀನಿ," ಎನ್ನುತ್ತ ಜೀವುಬೆನ್ ಸೆರಗಿನ ಗಂಟು ಬಿಚ್ಚಿದಳು.