ಜೋಳದ ಗಡಿಗೆಯ ಕಾಗದ

ನಮ್ಮ ವಕೀಲ ಚನ್ನಬಸಪ್ಪನವರು ದಿಲ್ಲಿಯ ಪಾರ್ಲಿಮೆಂಟಿಗೆ ಮೆಂಬರಾದರೆಂಬ ಸುದ್ದಿ ಬಂದಾಗ ಹುಮನಾಬಾದಿನ ತುಂಬ ಪೇಡೆ ಹಂಚಿದರು. ನಾನೂ ಒಂದು ತಿಂದೆ. ಹದಿನೇಳು ವರ್ಷ ಅವರ ಮುನ್ಶಿಯಾಗಿ ಕೋರ್ಟಿನ ಉರ್ದು ಕಾಗದಗಳನ್ನೆಲ್ಲ ಬರೆದವನು ನಾನು, ಸೈಫುದ್ದೀನ್. ತಿನ್ನದಿದ್ದರೆ ಜನ ಏನೆಂದಾರು? ಆದರೆ ಪೇಡೆ ರುಚಿಸಲಿಲ್ಲ.

ಕಾರಣ, ಸಭೆ ಸಭೆಯಲ್ಲಿ ಅವರು ಹೇಳುತ್ತಿದ್ದ ಮಾತು. "ನಲವತ್ತೇಳರಾಗ ಕರಿಕೋಟು ಬಿಚ್ಚಿ ಒಗದೆ. ನಿಜಾಮರ ರಾಜ್ಯ ಮುಗಿಯೂತನಕಾ ಕೋರ್ಟಿನ ಮೆಟ್ಟಲಾ ಹತ್ತಲಿಲ್ಲ." ಹುಮನಾಬಾದಿನ ಮೆಟ್ಟಿಲು ಹತ್ತಲಿಲ್ಲ, ನಿಜ. ಆದರೆ ಈಗ ಬಸವಕಲ್ಯಾಣ ಎನ್ನುವ ಆ ಕಲ್ಯಾಣಿಯ ಕೋರ್ಟಿಗೆ ತಿಂಗಳಿಗೆರಡು ಸಲ ಟಾಂಗಾ ಹೋಗುತ್ತಿತ್ತು. ಕೋಟನ್ನು ಕಾಗದಪತ್ರದ ಬಸ್ತಾದೊಳಗೆ ಮಡಿಚಿ ಇಡುತ್ತಿದ್ದವನು ನಾನೇ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೊಟ್ಟೆಪಾಡು, ನಾನು ತಪ್ಪೆನ್ನುವುದಿಲ್ಲ.

ನನ್ನ ಸಂಕಟ ಮಗ ಗೌಸನದು. ಪೊಲೀಸ್ ಆ್ಯಕ್ಷನ್ ಆದಮೇಲೆ ಅವನನ್ನು ಹಿಡಿದೊಯ್ದರು. ಮನ್ನಾಏಖೇಳ್ಳಿಯ ಅಂಗಡಿಗಳಿಗೆ ಬೆಂಕಿಯಿಟ್ಟ ರಜಾಕಾರರಲ್ಲಿ ಇವನೂ ಇದ್ದನೆಂದು ಯಾರೋ ಹೆಸರು ಹೇಳಿದ್ದರು. ಬೆಂಕಿ ಬಿದ್ದ ಆ ದಿನ ನನಗೆ ಜ್ವರ. ಗೌಸ ನನ್ನ ಬದಲಿಗೆ ಬಸ್ತಾ ಹೊತ್ತು ವಕೀಲರ ಜೊತೆ ಕಲ್ಯಾಣಿಗೆ ಹೋಗಿದ್ದ. ನಾನು ಹಿಂದಿನ ದಿನ ಬರೆದುಕೊಟ್ಟಿದ್ದ ರಾಜಿ ಕಾಗದಕ್ಕೆ ಅಲ್ಲಿ ಸಾಕ್ಷಿ ಸಹಿ ಹಾಕಿದ್ದ. ತಾರೀಖು, ಕೋರ್ಟಿನ ಮೊಹರು, ವಕೀಲರ ಸಹಿ, ಅದರ ಕೆಳಗೆ ಗೌಸನ ಸಹಿ. ಕೋರ್ಟಿನ ದಫ್ತರ ಗಲಾಟೆಯಲ್ಲಿ ಹಾಳಾಗಿ, ನಮ್ಮ ಬಸ್ತಾದ ಪ್ರತಿಯೊಂದೇ ಉಳಿದಿತ್ತು. ಅದು ಹೊರಗೆ ಬಂದರೆ ಗೌಸ ಮನೆಗೆ ಬರುತ್ತಾನೆ, ಕರಿಕೋಟಿನ ಕಥೆ ಬೀದಿಗೆ ಬರುತ್ತದೆ.

ಸಾಕ್ಷಿ ಹೇಳಿರೆಂದು ವಕೀಲರನ್ನು ಎರಡು ಸಲ ಕೇಳಿದೆ. ಎರಡು ಸಲವೂ "ನೋಡೂಣು" ಎಂದರು. ಆ "ನೋಡೂಣು" ಕೇಳಿಕೊಂಡು ಬರಿಗೈಲಿ ಹೋದ ಕಕ್ಷಿದಾರರನ್ನು ನಾನು ಎಷ್ಟು ಕಂಡಿಲ್ಲ! ಕಾಗದ ತಂದು ಹೆಂಡತಿ ಕುಲ್ಸುಮ್ ಬೀಯ ಜೋಳದ ಗಡಿಗೆಯಲ್ಲಿ ಹುಗಿದೆ. ಬುಧವಾರ ವಿಚಾರಣೆ. ನಾನೇ ಒಯ್ದು ಕೊಡುವುದೆಂದು ಗಟ್ಟಿ ಮಾಡಿಕೊಂಡೆ.

ಸೋಮವಾರ ಮಧ್ಯಾಹ್ನ ವಕೀಲರು ನಮ್ಮ ಮನೆಗೇ ಬಂದರು. ಹದಿನೇಳು ವರ್ಷದಲ್ಲಿ ಒಮ್ಮೆಯೂ ನಮ್ಮ ಹೊಸ್ತಿಲು ತುಳಿದವರಲ್ಲ. ಕೊರಳಲ್ಲಿ ಹಾರ, ಬಾಗಿಲಲ್ಲಿ ಪಕ್ಷದ ನಾಲ್ಕು ಜನ.

"ಮುನ್ಶೀಜಿ, ಕಲ್ಯಾಣಿದು ಆ ರಾಜಿ ಕಾಗದ ಎಲ್ಲದರಿ?" ಎಂದು ಸಣ್ಣ ದನಿಯಲ್ಲಿ ಕೇಳಿ, ಬಾಗಿಲ ಕಡೆ ಒಮ್ಮೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ದಿಲ್ಲಿಗೆ ಹೋಗುವ ಮೊದಲು ಅದನ್ನು ಸುಟ್ಟುಹಾಕಲು ಬಂದಿದ್ದಾರೆ ಎಂದುಕೊಂಡೆ.

"ಗಲಾಟ್ಯಾಗ ಸುಟ್ಟ ಹೋತ್ರಿ ಸಾಹೇಬ್ರ."

"ಪೂರಾ?"

"ಪೂರಾ."

ಅವರು ಉದ್ದಕ್ಕೆ ಉಸಿರು ಬಿಟ್ಟರು. ಸಮಾಧಾನದ ಉಸಿರೆಂದು ನನಗೆ ಮೈಯೆಲ್ಲ ಉರಿಯಿತು. "ಇರ್ಲಿ, ನೋಡೂಣು" ಎಂದು ಎದ್ದು ಹೋದರು.

ಬುಧವಾರ ವಿಚಾರಣೆ ನಡೆಯುವ ಸರ್ಕಾರಿ ಬಂಗಲೆಗೆ ಹೋದೆ. ಪಡಸಾಲೆಯಲ್ಲಿ ಗೌಸ ಬಟ್ಟೆಯ ಗಂಟು ಕಟ್ಟಿಕೊಂಡು ನಿಂತಿದ್ದ. ಯಾಕೆ ಗಂಟು ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ಒಳಗೆ ಹೋದವನೇ, ಧಾರವಾಡ ಕಡೆಯ ವಿಚಾರಣೆ ಸಾಹೇಬರು ಬಾಯಿ ತೆರೆಯುವ ಮೊದಲೇ, ಕಾಗದವನ್ನು ಮೇಜಿನ ಮೇಲಿಟ್ಟೆ. ಮುನ್ಶಿಯ ರೂಢಿ. ಕಾಗದ ಮೊದಲು, ಮಾತು ಆಮೇಲೆ.

ಸಾಹೇಬರು ಪಕ್ಕದ ಗುಮಾಸ್ತನಿಂದ ಓದಿಸಿ ಕೇಳಿದರು. ಮುಖ ಬದಲಾಯಿತು.

"ನಿನ್ನೆ ನಿಮ್ಮ ವಕೀಲರು ದಿಲ್ಲಿಗೆ ಹೋಗೋ ಮುಂದ ಇಲ್ಲಿಗೆ ಬಂದು ಪ್ರಮಾಣ ಮಾಡಿ ಹೇಳ್ಯಾರ. ಆ ದಿನ ನಾ ಕರಿಕೋಟು ಹಾಕ್ಕೊಂಡು ಕಲ್ಯಾಣಿ ಕೋರ್ಟಿನಾಗ ಇದ್ದೆ, ಗೌಸ ನನ್ನ ಬಾಜೂಕ ಇದ್ದ ಅಂತ. ಕಾಗದ ಸುಟ್ಟದ, ನನ್ನ ಮುನ್ಶಿ ಸುಳ್ಳು ಹೇಳೋ ಮನುಷ್ಯಾ ಅಲ್ಲ ಅಂತನೂ ಬರಸ್ಯಾರ. ಆ ಮಾತಿನ ಮ್ಯಾಲ ನಿಮ್ಮ ಮಗನ್ನ ಬಿಡಾಕ ಹುಕುಂ ಬರದಿದ್ದೆ."

"ಸುಳ್ಳು ಹೇಳಿದವ ನಾನ ರೀ."

"ಯಾಕ?"

"ಅವರ ಮ್ಯಾಲ ಸಂಶಯ ಬಂದಿತ್ರಿ."

ಅವರು ಕಾಗದವನ್ನು ಬೆಳಕಿಗೆ ಹಿಡಿದರು. ಮಡಿಕೆಯಿಂದ ಎರಡು ಜೋಳದ ಕಾಳು ಉದುರಿದವು. "ಅಕ್ಷರ ಯಾರವು?"

"ನನ್ನವ ರೀ."

"ಹಳೇ ಮೊಹರು ಈಗ ಸಂತ್ಯಾಗ ಸಿಗತಾವ. ಸುಟ್ಟದ್ದು ಒಂದೇ ದಿನದಾಗ ಹುಟ್ಟಿ ಬಂತಂದ್ರ, ನನಗ ನಿಮ್ಮ ಮ್ಯಾಲ ಸಂಶಯ ಬರಬಾರದೇನು?" ಎಂದು ಬಿಡುಗಡೆಯ ಹುಕುಂ ಪತ್ರವನ್ನು ಕಡತದೊಳಗೆ ಸೇರಿಸಿ ದಾರ ಕಟ್ಟಿದರು. ದಿಲ್ಲಿಗೆ ಬರೆದು, ವಕೀಲರು ಊರಿಗೆ ಬಂದಾಗ ಮತ್ತೆ ಕೇಳುತ್ತೇವೆ, ಅಲ್ಲಿಯತನಕ ಹುಡುಗ ಒಳಗೇ ಇರಲಿ ಎಂದರು.

ಹೊರಗೆ ಪೊಲೀಸಿನವನು ಗೌಸನ ತೋಳು ಹಿಡಿದಿದ್ದ. ಹುಡುಗನಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಹೋಗುತ್ತ ಹಿಂತಿರುಗಿ ನೋಡಿ, "ಅಬ್ಬಾಜಾನ್, ಆ ಕಾಗದಾ ತಂದೀರೀ ಅಲಾ?" ಎಂದ.

"ತಂದೀನಿ ಬೇಟಾ" ಎಂದೆ.