ನೀರಿನಡಿಯ ಗೊರಗೊರ

ಊರಿಗೆ ವಾಪಸು ಹೊರಟ ಇಂಗ್ಲಿಷ್ ಸಾಹೇಬನೊಬ್ಬ ತನ್ನ ಕಚೇರಿಯ ಡ್ರಾಫ್ಟ್ಸ್‌ಮನ್ ತಿರುಮಲೇಶನಿಗೆ ಗಾಳವೊಂದನ್ನು ಉಡುಗೊರೆ ಕೊಟ್ಟು ಹೋದದ್ದೇ ಇಷ್ಟಕ್ಕೆಲ್ಲ ಮೂಲ. ಕೆರೆ ಏರಿಯ ಮೇಲೆ ಹುಡುಗರು ಹಿಡಿದು ಕೂರುವ ಬಿದಿರು ಕಡ್ಡಿಯಲ್ಲ ಅದು. ಹಿತ್ತಾಳೆಯ ರಾಟೆ, ಬೆರಳಿನಷ್ಟು ಉದ್ದದ ಕೊಕ್ಕೆಗಳು, ಬಗ್ಗಿದರೂ ಮುರಿಯದ ಕೋಲು. ಮೇಲುಕೋಟೆ ಕಡೆಯ ಅಯ್ಯಂಗಾರ್ ವಂಶದವನು, ಜನ್ಮವಿಡೀ ಮೀನಿನ ವಾಸನೆ ಬಂದರೆ ಮೂಗು ಮುಚ್ಚಿಕೊಂಡವನು, ಅದನ್ನು ಮುಲಾಜಿಗೆ ತಂದು ಮಂಚದಡಿ ಇಟ್ಟ. ತಿಂಗಳು ಕಳೆಯುವುದರೊಳಗೆ ಘಾಟ್ಕೋಪರಿನ ಬಿಲ್ಡಿಂಗಿನ ಟೆರೇಸಿನಲ್ಲಿ ದಾರ ಬೀಸುವ ಅಭ್ಯಾಸ ಶುರುವಾಯಿತು. ಒಂದು ಸಲ ಕೊಕ್ಕೆಗೆ ಪಕ್ಕದ ಮನೆಯ ಗಂಗುಬಾಯಿ ಒಣಹಾಕಿದ್ದ ಲುಗಡೆ ಸೀರೆ ಸಿಕ್ಕಿ, ಎರಡು ದಿನ ಮಹಡಿಯವರ ಮುಂದೆ ತಲೆ ಎತ್ತದಂತಾಯಿತು. ಆದರೂ ಬಿಡಲಿಲ್ಲ. ಹಿಡಿಯುವುದಷ್ಟೇ, ತಿನ್ನುವುದಿಲ್ಲವಲ್ಲ ಎಂಬುದು ಅವನ ಧರ್ಮಶಾಸ್ತ್ರ.

ಹೆಂಡತಿ ಅಲಮೇಲು ಬೇಡವೆನ್ನಲಿಲ್ಲ. ಗಂಡನಿಗೆ ಏನಾದರೊಂದು ಹುಚ್ಚಿದ್ದರೆ ತನ್ನ ಕಡೆ ನೋಡುವುದು ಕಡಿಮೆಯಾಗುತ್ತದೆ ಎಂಬ ಲೆಕ್ಕಾಚಾರ ಅವಳದು. ನೋಡಿದರೆ ತಿಳಿದುಬಿಡುತ್ತದೆ ಎಂಬ ಹೆದರಿಕೆ.

ಅವಳ ಕಿವಿ ಹೋಗುತ್ತಿತ್ತು. ಮೊದಲ ಮಗು ಹುಟ್ಟಿದಾಗ ಗೋಡೆ ಗಡಿಯಾರದ ಟಿಕ್‌ಟಿಕ್ ಹೋಯಿತು. ಎರಡನೆಯದಕ್ಕೆ ಒಲೆಯ ಮೇಲೆ ಉಕ್ಕುವ ಹಾಲು. ಮೂರನೆಯದು ಹುಟ್ಟಿದ ಮೇಲೆ ಮನೆಯಲ್ಲಿ ಯಾರಾದರೂ ಬೆನ್ನ ಹಿಂದೆ ನಿಂತು ಆಡಿದ ಮಾತು. ಎರಡು ತಿಂಗಳ ಹಿಂದೆ ಅವಳು ಅಕ್ಕಿ ಆರಿಸುತ್ತ ಕೂತಿದ್ದಾಗ ಮಗು ತೊಟ್ಟಿಲಿಂದ ಬಿದ್ದು ಅತ್ತದ್ದು ಗೋಡೆಯಾಚೆಯ ಗಂಗುಬಾಯಿಗೆ ಕೇಳಿತು, ನಾಲ್ಕು ಮಾರು ದೂರದ ತಾಯಿಗೆ ಕೇಳಲಿಲ್ಲ. ಎಲ್ಲಿತ್ತು ನಿನ್ನ ಗಮನ ಎಂದು ಗಂಡ ಬೈದ. ಗಮನವೇ ತಪ್ಪಿತ್ತು ಎಂದು ಒಪ್ಪಿಕೊಂಡಳು. ಕಿವುಡಿ ಎನ್ನಿಸಿಕೊಳ್ಳುವುದಕ್ಕಿಂತ ಮೈಮರೆವಿನವಳು ಎನ್ನಿಸಿಕೊಳ್ಳುವುದು ಮೇಲು. ಶ್ರೀರಂಗಪಟ್ಟಣದ ದೊಡ್ಡಮ್ಮನ ಪಾಡು ಅವಳು ಕಣ್ಣಾರೆ ಕಂಡಿದ್ದಳು. ಕಿವಿ ಹೋದ ಮೇಲೆ ಆಕೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಯಾರೂ ಏನೂ ಹೇಳುತ್ತಿರಲಿಲ್ಲ. ಸ್ವಂತ ಮಗಳ ಮದುವೆ ನಿಶ್ಚಯವಾಗಿದೆಯೆಂದು ಆಕೆಗೆ ತಿಳಿದದ್ದು ಮನೆಗೆ ಚಪ್ಪರದವರು ಬಂದಾಗ.

ಒಂದೇ ಒಂದು ವಿಷಯ ಮಾತ್ರ ಅಲಮೇಲುವಿಗೆ ಅರ್ಥವಾಗುತ್ತಿರಲಿಲ್ಲ. ಲೋಕಲ್ ಟ್ರೇನು ಗಡಗಡ ಓಡುವಾಗ ಗಂಗುಬಾಯಿ ಆಡಿದ ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಟ್ರೇನು ನಿಂತರೆ ಗಂಗುಬಾಯಿಯೂ ನಿಂತಂತೆ. ಸತ್ತ ಕಿವಿಗೆ ಗದ್ದಲದಲ್ಲಿ ಜೀವ ಬರುವುದು ಹೇಗೆ? ಯಾರನ್ನು ಕೇಳುವುದು?

ಆ ವರ್ಷದ ದೀಪಾವಳಿ ರಜೆಗೆ ಮಾರ್ವೆಯ ಸಮುದ್ರದ ದಂಡೆಯಲ್ಲಿ ಕಚೇರಿಯವರೊಬ್ಬರ ಖಾಲಿ ಬಂಗಲೆ ಎಂಟು ದಿನಕ್ಕೆ ಸಿಕ್ಕಿತು. ಮೂರನೆಯ ದಿನ ಮಧ್ಯಾಹ್ನ ಮಕ್ಕಳನ್ನು ಜೊತೆಗೆ ಬಂದಿದ್ದ ನಾದಿನಿ ವನಮಾಲಾಳ ಬಳಿ ಬಿಟ್ಟು ಗಂಡಹೆಂಡಿರು ಮೋಟಾರು ದೋಣಿ ಹತ್ತಿದರು. ದೋಣಿ ನಡೆಸುವವನು ಚೆನ್ನಯ, ಮಲ್ಪೆ ಕಡೆಯವನು, ಅರುವತ್ತರ ಹತ್ತಿರದ ಆಳು. ಕನ್ನಡ ಕಿವಿಗೆ ಬಿದ್ದದ್ದೇ ತಡ ಅವನ ಮುಖ ಅರಳಿತು. ಅಯ್ಯಂಗಾರರ ಹಣೆಯ ನಾಮವನ್ನೂ ಕೈಯ ಗಾಳವನ್ನೂ ಒಂದಾದ ಮೇಲೊಂದರಂತೆ ನೋಡಿ, ಹಿಡಿದದ್ದನ್ನೆಲ್ಲ ಬಿಟ್ಟುಬಿಡುವುದೆಂಬ ಅವರ ಮಾತಿಗೆ ತಲೆಯಾಡಿಸಿ ಎಂಜಿನ್ನಿನ ಹಗ್ಗ ಎಳೆದ.

ಎಂಜಿನ್ನು ಧಡಧಡ ಎನ್ನತೊಡಗಿತು. ಅಲಮೇಲುವಿಗೆ ಮತ್ತೆ ಅದೇ ಸೋಜಿಗ. ಚೆನ್ನಯನ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಅವಳು ಕೇಳಿದಳು, ಅವನು ಹೇಳಿದ. ಆ ಕಂಬಗಳು ಏಕೆ, ಆ ಹಕ್ಕಿ ನೀರಿಗೆ ಏಕೆ ಬೀಳುತ್ತದೆ, ನೀರಿನ ಬಣ್ಣ ಅಲ್ಲಿ ಏಕೆ ಬೇರೆ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಹೆಂಡತಿ ಇಷ್ಟು ಮಾತಾಡಿದ್ದನ್ನು ಕಾಣದ ತಿರುಮಲೇಶ ಬೆರಗಾಗಿ ನೋಡುತ್ತಿದ್ದ.

ದಡ ಗೆರೆಯಷ್ಟಾದಾಗ ದೋಣಿ ನಿಧಾನವಾಯಿತು. ಕೊಕ್ಕೆಗೆ ಸಿಗಡಿ ಚುಚ್ಚುವ ಕೆಲಸ ಚೆನ್ನಯನದು, ಬೇರೆಡೆ ನೋಡುವುದು ತಿರುಮಲೇಶನದು. ಅವನ ಕನಸಿನಲ್ಲಿದ್ದದ್ದು ಸಾಹೇಬ ಫೋಟೋದಲ್ಲಿ ಎತ್ತಿ ಹಿಡಿದಿದ್ದ ಆಳುದ್ದದ ಸುರಮಾಯಿ ಮೀನು. ಬಂದದ್ದು ಅಂಗೈಯಗಲದ ಮೀನು. ದೋಣಿಗೆ ಬಿದ್ದೊಡನೆ ಗಾಳಿ ಕುಡಿದು ಕುಡಿದು ಬದನೆಕಾಯಿಯಂತೆ ಊದಿ, ಕಣ್ಣು ಮೇಲೆ ಮಾಡಿ ಎಲ್ಲರನ್ನೂ ದುರುಗುಟ್ಟಿತು. ಆಮೇಲೆ ಯಾರದೋ ಹರಿದ ಬಲೆಯ ತುಂಡು, ಅದರ ತುಂಬ ಉಗುರಿನಷ್ಟು ಏಡಿಗಳ ಒಂದು ಊರೇ. ಮೂರನೆಯದು ಪಟ್ಟೆಪಟ್ಟೆಯ ಹಾವು. ಚೆನ್ನಯ ಕೈಮುಗಿದು ದಾರವನ್ನೇ ಕತ್ತರಿಸಿಬಿಟ್ಟ. ತಿರುಮಲೇಶನ ಮುಖ ಸಣ್ಣದಾಯಿತು. ಅಲಮೇಲು ಮಾತ್ರ ಪ್ರತಿಯೊಂದಕ್ಕೂ ದೋಣಿಯ ಅಂಚಿಗೆ ಬಾಗಿ ಬಾಗಿ ನೋಡುತ್ತಿದ್ದಳು. ಈ ನೀರಿನ ಅಡಿಯಲ್ಲಿ ಇನ್ನೂ ಏನೇನಿದೆಯೋ.

ಹೊತ್ತು ಇಳಿಯತೊಡಗಿದಾಗ ಚೆನ್ನಯ ಎಂಜಿನ್ನು ನಿಲ್ಲಿಸಿದ. ಅದರೊಂದಿಗೆ ಅವಳ ಲೋಕವೂ ನಿಂತಿತು. ಗಂಡನ ತುಟಿ ಅಲುಗಿ ಸುಮ್ಮನಾದದ್ದು, ಆಮೇಲೆ ಅವನೇ ಎದ್ದು ಅವಳ ಕಾಲ ಬಳಿಯ ಬಾಲ್ದಿ ಎತ್ತಿಕೊಂಡದ್ದು ಕಂಡಿತು. ಅದನ್ನು ಕೊಡು ಎಂದು ಕೇಳಿದ್ದಿರಬೇಕು, ಒಂದೆರಡು ಸಲ. ಅವಳು ಸಮುದ್ರ ನೋಡುತ್ತಿದ್ದವಳಂತೆ ಮುಖ ತಿರುಗಿಸಿದಳು.

ಆಗ ಚೆನ್ನಯ ಮಾಡಿದ ಕೆಲಸ ಅವಳ ಕಣ್ಣು ಸೆಳೆಯಿತು. ಉದ್ದನೆಯ ಹುಟ್ಟುಗೋಲಿನ ಅಗಲ ತುದಿಯನ್ನು ನೀರಿಗಿಳಿಸಿ, ಹಿಡಿಯ ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ಕೂತ. ಏನದು ಎಂದು ಅವಳು ಕೇಳಿದಳು. ಕಡಲಿನ ಮೇಲೆ ಬಾಳಿದವನ ಗಂಟಲು. ಅವನು ಮೆಲ್ಲಗೆ ಹೇಳಿದ್ದೂ ಅವಳವರೆಗೆ ಬಂತು. ಘೋಳ್ ಎಂಬ ಮೀನು ಹಿಂಡಿನಲ್ಲಿದ್ದಾಗ ಸದ್ದು ಮಾಡುತ್ತದೆಯಂತೆ. ಗಾಳಿಗೆ ಹಿಡಿದ ಕಿವಿಗೆ ಅದು ಸಿಗುವುದಿಲ್ಲ, ಮರದ ಮೂಲಕ ಬರಬೇಕಂತೆ. ಅವನ ಅಪ್ಪ ಕಲಿಸಿಕೊಟ್ಟ ವಿದ್ಯೆ.

“ನಾನು ಕೇಳಲಾ?” ಎಂದಳು ಅಲಮೇಲು.

ಗಂಡ ನಕ್ಕದ್ದು ಕಂಡಿತು. ಅಡುಗೆಮನೆಯಿಂದ ಕರೆದರೆ ಕೇಳದವಳಿಗೆ ಸಮುದ್ರದ ಅಡಿಯಿಂದ ಕೇಳೀತೆ ಎಂದಿರಬೇಕು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಮರವನ್ನು ಕಿವಿಯ ಹಿಂದೆ ಒತ್ತಿದಳು. ಏನೂ ಇಲ್ಲ. ಇನ್ನಷ್ಟು ಒತ್ತಿದಳು.

ಗೊರ್. ಗೊರ್ ಗೊರ್.

ಮೊದಲು ತನ್ನ ಹೊಟ್ಟೆಯ ಸದ್ದೆಂದುಕೊಂಡಳು. ಅಲ್ಲ. ಮಳೆಗಾಲದ ಹಾಳುಬಾವಿಯಲ್ಲಿ ಮುದಿ ಕಪ್ಪೆಗಳು ಜಗಳಕ್ಕೆ ಬಿದ್ದ ಹಾಗೆ, ಒಂದು ಕೇಳಿದ್ದಕ್ಕೆ ಇನ್ನೊಂದು ಉತ್ತರ ಕೊಟ್ಟ ಹಾಗೆ, ಆಮೇಲೆ ಎಲ್ಲವೂ ಒಟ್ಟಿಗೆ. ತಲೆಯ ಒಳಗೇ ನಡೆಯುತ್ತಿದೆ. ಅವಳು ಕೈಯೆತ್ತಿ ಮುಂದೆ ಎಂದು ಸನ್ನೆ ಮಾಡಿದಳು. ಚೆನ್ನಯ ಇನ್ನೊಂದು ಹುಟ್ಟು ಹಾಕಿದ. ಸದ್ದು ದಪ್ಪವಾಯಿತು. ಇನ್ನೂ ಮುಂದೆ. ತುಸು ಎಡಕ್ಕೆ. ಒಂದು ಕಡೆ ಮರವೇ ನಡುಗುವಷ್ಟಾದಾಗ ಅಂಗೈ ತೋರಿಸಿ ನಿಲ್ಲಿಸಿದಳು.

ಗಾಳ ಅಲ್ಲೇ ಇಳಿಯಿತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಿರಲಿಲ್ಲ, ಸಾಹೇಬನ ಕೋಲು ಬಿಲ್ಲಾಯಿತು. ತಿರುಮಲೇಶ ಒಮ್ಮೆ ಎದ್ದ, ಒಮ್ಮೆ ಕುಸಿದ, ರಾಟೆ ತಿರುಗಿಸಿದ, ರಾಟೆಯೇ ಅವನನ್ನು ತಿರುಗಿಸಿತು. ಅರ್ಧ ಗಂಟೆಯ ಮೇಲೆ ಚೆನ್ನಯ ಕೊಕ್ಕೆಗೋಲು ಹಾಕಿ ಎಳೆದುಕೊಂಡದ್ದು ಐದು ವರ್ಷದ ಮಗುವಿನಷ್ಟು ತೂಕದ, ತಾಮ್ರದ ಬಣ್ಣದ ಮೀನು. ಹಲಗೆಯ ಮೇಲೆ ಮಲಗಿ ಬಾಯಿ ತೆರೆದು ಮುಚ್ಚಿತು.

ಗಂಡಸರಿಬ್ಬರೂ ಒಟ್ಟಿಗೆ ನಕ್ಕರು. ತಿರುಮಲೇಶ ಅವಳ ಕಡೆ ತಿರುಗಿದ್ದರಿಂದ ತುಟಿ ಓದಲು ಸಿಕ್ಕಿತು.

“ನೋಡೇ, ಹೇಗೆ ಬೈತಾ ಇದೆ ನನ್ನ! ಗೊರಗೊರ ಅಂತ, ಥೇಟ್ ನಮ್ಮ ಹೆಡ್ ಕ್ಲಾರ್ಕು.”

ಅವಳು ನಗಬೇಕಿತ್ತು. ನಾಲ್ಕು ಜನ ನಕ್ಕಾಗ ತಾನೂ ನಗುವುದು ವರ್ಷಗಳಿಂದ ರೂಢಿಯಾದದ್ದು, ಯಾರಿಗೂ ಅನುಮಾನ ಬಂದಿರಲಿಲ್ಲ. ಆದರೆ ಈಗ ಅವಳು ಮೀನಿನ ಬಾಯಿಯನ್ನೇ ನೋಡುತ್ತಿದ್ದಳು. ಅದರ ಹೊಟ್ಟೆ ಕಂಪಿಸುತ್ತಿತ್ತು. ಒಂದು ಚೂರೂ ಸದ್ದಿಲ್ಲ. ಅಷ್ಟು ಆಳದಲ್ಲಿದ್ದಾಗ ಕೇಳಿದ್ದು, ಕಾಲ ಬುಡದಲ್ಲಿರುವಾಗ ಏಕಿಲ್ಲ? ನಾಚಿಕೆ ಬಂದು ಬಾಯಿ ಹಿಡಿಯುವ ಮೊದಲೇ ಪ್ರಶ್ನೆ ಹೊರಗೆ ಬಿದ್ದಿತ್ತು.

“ನೀರಲ್ಲಿ ಮಾಡ್ತಿತ್ತಲ್ಲ, ಅದೇ ಸದ್ದಾ ಇದು?”

“ಅದೇ ಅಮ್ಮಾ, ಬೇರೆ ಎಂತ?” ಎಂದ ಚೆನ್ನಯ.

“ಹಾಗಾದ್ರೆ ನಂಗ್ಯಾಕೆ ಕೇಳ್ತಾ ಇಲ್ಲ?”

ತಿರುಮಲೇಶನ ನಗು ಅರ್ಧಕ್ಕೇ ನಿಂತಿತು. ಅವನು ಮೀನನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನ ಕಣ್ಣಲ್ಲಿ ಬಾಲ್ದಿ, ತೊಟ್ಟಿಲು, ಉಕ್ಕಿದ ಹಾಲು ಒಂದರ ಹಿಂದೊಂದು ಹಾದುಹೋಗುವುದು ಅವಳಿಗೆ ಕಂಡಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಚೆನ್ನಯನಿಗೆ ಅದರಲ್ಲಿ ದುಃಖಪಡುವಂಥದ್ದೇನೂ ಕಾಣಲಿಲ್ಲ, ತಿಳಿಯಬೇಕಾದದ್ದು ಕಂಡಿತು. ಹುಟ್ಟುಗೋಲಿನ ಅಗಲ ತುದಿಯನ್ನು ಮೀನಿನ ಪಕ್ಕೆಗೆ ಮೆಲ್ಲಗೆ ತಾಗಿಸಿ, ಹಿಡಿಯನ್ನು ಅವಳ ಕೈಗೆ ಕೊಟ್ಟ. ಅವಳು ಕಿವಿಯ ಹಿಂದೆ ಒತ್ತಿದಳು. ಗೊರ್ ಗೊರ್. ತೆಗೆದಳು, ಮೌನ. ಇಟ್ಟಳು, ಗೊರ್. ಮೂರು ಸಲ ಹಾಗೆ ಮಾಡಿ ನೋಡಿದಳು.

“ಬಾಗಿಲು ಮಾತ್ರ ಹಾಕಿದ್ದು ಮಾರಾಯ್ರೆ,” ಎಂದ ಚೆನ್ನಯ, ತಿರುಮಲೇಶನ ಕಡೆ ತಿರುಗಿ, ಅವಳಿಗೂ ಕೇಳುವಷ್ಟು ಜೋರಾಗಿ. “ಒಳಗೆ ಜನ ಉಂಟು.”

ಅಂಥ ಬಾಗಿಲನ್ನು ತೆರೆಯಬಲ್ಲ ಡಾಕ್ಟರು ಇಷ್ಟು ದೊಡ್ಡ ಊರಿನಲ್ಲಿ ಒಬ್ಬನಾದರೂ ಇರಲಿಕ್ಕಿಲ್ಲವೇ ಎಂದೂ ಕೇಳಿದ. ಹಿಡಿದದ್ದನ್ನು ಬಿಟ್ಟುಬಿಡುವ ಮಾತಾಗಿತ್ತಲ್ಲವೇ ಎಂಬಂತೆ ಮೀನಿನ ಕಡೆ ಕೈ ತೋರಿಸಿದ. ತಿರುಮಲೇಶ ತಲೆಯಾಡಿಸಿದ. ಕೊಕ್ಕೆ ಬಿಡಿಸಿಕೊಂಡ ಘೋಳ್ ಬಾಲ ಬಡಿದು ಕಪ್ಪುನೀರಿಗೆ ಇಳಿಯಿತು.

ಅಲಮೇಲು ಹುಟ್ಟುಗೋಲನ್ನು ಬಿಟ್ಟಿರಲಿಲ್ಲ. ಅದರ ಇನ್ನೊಂದು ತುದಿ ಹಲಗೆಯ ಮೇಲೆ ಖಾಲಿ ಬಿದ್ದಿತ್ತು. ಮೀನಿನ ಮಾತು ಬರುವುದಾದರೆ ಮನುಷ್ಯರದೂ ಬರಬೇಕಲ್ಲ? ಅವಳು ಗಂಡನಿಗೆ ಆ ತುದಿಯನ್ನು ತೋರಿಸಿದಳು. ಅವನು ಮಂಡಿಯೂರಿದ. ಮೀನಿನ ಲೋಳೆ ಮೆತ್ತಿದ ಆ ಮರಕ್ಕೆ, ಮೂಗು ಮುಚ್ಚಿಕೊಳ್ಳದೆ, ಗಲ್ಲ ಒತ್ತಿ ಕಣ್ಣು ಕೆಳಗೆ ಹಾಕಿದ. ತುಟಿ ಅವಳಿಗೆ ಕಾಣುತ್ತಿರಲಿಲ್ಲ.

“ಯಾಕೆ ಹೇಳ್ಲಿಲ್ಲ ನೀನು ನಂಗೆ?”

ಎಲುಬಿನೊಳಗೆ ಬಂತು ಆ ದನಿ. ಸ್ವಲ್ಪ ಒರಟು, ಸ್ವಲ್ಪ ನಡುಕ, ಆದರೆ ಅವನದೇ.

ಉತ್ತರ ದೊಡ್ಡದಿತ್ತು. ಅದನ್ನು ದಡ ಸೇರುವವರೆಗೂ ಹೇಳಬಹುದಿತ್ತು, ಹೇಳಿದಳು ಕೂಡ. ಆದರೆ ಆ ಗಳಿಗೆಯಲ್ಲಿ ಅವಳಿಗೆ ಇನ್ನೊಂದು ತಿಳಿಯಬೇಕಿತ್ತು. ಮರವನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿಕೊಂಡಳು.

“ಇನ್ನೊಂದ್ಸಲ ಹೇಳಿ,” ಎಂದಳು. “ಈ ಸಲ ಮೆತ್ತಗೆ.”