ಹೂರಾದ ಎರಡನೆಯ ಗೋಲು

ಲಿಲಿಯನ್ ಗಂಡನ ಶವಪೆಟ್ಟಿಗೆಯ ಮೇಲಿದ್ದ ದೊಡ್ಡ ಹೂಚಕ್ರವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಇಗರ್ಜಿಯ ಮೆಟ್ಟಿಲ ಮೇಲೆ, ಕೆನೆತ್‌ನ ಹೊಳೆಯುವ ಬೂಟುಗಳ ಎದುರಿಗೇ ಇಟ್ಟಳು. ಅದರ ರಿಬ್ಬನ್ನಿನ ಮೇಲೆ ಬಂಗಾರದ ಅಕ್ಷರಗಳಲ್ಲಿ ‘ನಮ್ಮ ಸ್ಥಾಪಕರಿಗೆ’ ಎಂದಿತ್ತು.

“ಇದು ನಿಮ್ಮದು. ತೆಕ್ಕೊಂಡು ಹೋಗಿ.”

ಕೆನೆತ್ ಈ ಕೊಲ್ಲಿ ನಗರದ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಯವನು, ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ಎದುರುತ್ತರ ಕೇಳಿ ಅಭ್ಯಾಸವಿಲ್ಲದ ಮುಖ ಅವನದು. “ಆಂಟಿ, ಪ್ಲೀಸ್. ಯುಸ್ಟೇಸ್ ಅಂಕಲ್ ಇಲ್ಲದಿದ್ರೆ ನಮ್ಮ ಕ್ಲಬ್ಬೇ ಇಲ್ಲ. ಹೆಗಲು ಕೊಡ್ಲಿಕ್ಕೆ ಹುಡುಗರೆಲ್ಲ ಬಂದಿದ್ದಾರೆ.”

“ಹೆಸರು ಹೊಡೆದು ಹಾಕುವಾಗ ಸ್ಥಾಪಕರು ಅಂತ ಗೊತ್ತಿರ್ಲಿಲ್ವಾ? ಎರಡು ವರ್ಷ ಹಾಸಿಗೆಯಲ್ಲಿದ್ರು. ಸೀಫಿನ ನಿಮ್ಮ ಮೈದಾನದಿಂದ ನಮ್ಮ ಹೂರಾಕ್ಕೆ ಎಂತ, ಹಡಗು ಹತ್ತಿ ಬರ್ಬೇಕಾ ನಿಮಗೆ?”

ಅವನ ಹಿಂದೆ ಸಾಲಾಗಿ ನಿಂತಿದ್ದ ಹುಡುಗರ ನೀಲಿ ಜರ್ಸಿಗಳ ಮೇಲೆ ಕಂಪನಿಯ ಹೆಸರು ಹೊಳೆಯುತ್ತಿತ್ತು. ಸಾವಿಗೂ ಜಾಹೀರಾತು ತೊಟ್ಟು ಬಂದಿದ್ದರು, ಪುಣ್ಯಾತ್ಮರು. ಹೂರಾ ಎಂಬ ಶಬ್ದ ಆ ಜರ್ಸಿಯಲ್ಲಿ ಎಲ್ಲೂ ಇರಲಿಲ್ಲ.

ಅವರನ್ನು ಸರಿಸಿಕೊಂಡು ಲೋಕಯ್ಯ ಮುಂದೆ ಬಂದ. ಯುಸ್ಟೇಸನ ಜೊತೆ ಸೇರಿ ಕ್ಲಬ್ಬು ಕಟ್ಟಿದ ವೆಲ್ಡರ್ ಇವನೇ. ಹೆಗಲ ಮೇಲೆ ಟವೆಲನ್ನು ಆಗಲೇ ಮಡಚಿ ಹಾಕಿಕೊಂಡಿದ್ದ.

“ಬಾಯಮ್ಮ, ನಾನೊಬ್ಬ ಹಿಡೀತೇನೆ. ಕ್ಲಬ್ಬಿನವ ಅಂತ ಅಲ್ಲ.”

“ನೀನಂತೂ ಅಲ್ಲವೇ ಅಲ್ಲ.” ಯಾವತ್ತೂ ಲೋಕಯ್ಯಣ್ಣ, ನೀವು ಎನ್ನುತ್ತಿದ್ದವಳು. “ಅವತ್ತು ಎತ್ತಿದ ಕೈ ಅದೇ ಅಲ್ವಾ? ಅದರಲ್ಲಿ ಅವರನ್ನು ಮುಟ್ಟಬೇಡ.”

“ಮಮ್ಮಿ, ಇಲ್ಲಿ ಬೇಡ,” ಎಂದು ಮಗಳು ಜೋಯ್ಲಿನ್ ತಾಯಿಯ ತೋಳು ಹಿಡಿದಳು. ಲಿಲಿಯನ್ ಕೊಡವಿಕೊಂಡಳು.

ಕೊನೆಗೆ ಪೆಟ್ಟಿಗೆ ಹೊತ್ತವರು ಯುಸ್ಟೇಸನನ್ನು ಕಣ್ಣಾರೆ ಕಂಡಿರದ ಇಗರ್ಜಿಯ ಹುಡುಗರು. ಲೋಕಯ್ಯ ಎಲ್ಲರಿಗಿಂತ ಹಿಂದೆ ನಡೆದ. ಟವೆಲು ಹೆಗಲ ಮೇಲೇ ಇತ್ತು.

ಅದಕ್ಕೂ ಮೊದಲು, ಬೆಳಿಗ್ಗೆ ಶವದ ಗಾಡಿ ಲಿಲಿಯನ್‌ಳ ಹಟಕ್ಕೆ ಹೂರಾದ ಅವರ ಗಲ್ಲಿಯನ್ನೇ ಹಾದು ಬಂದಿತ್ತು. ಅವರ ಫ್ಲಾಟಿನ ಕೆಳಗಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯ ಹುಸೈನಬ್ಬ ಶವ ಹಾದುಹೋಗುವಾಗಿನ ಊರಿನ ಪದ್ಧತಿಯಂತೆ ಶಟರನ್ನು ಅರ್ಧಕ್ಕೆ ಎಳೆದು, ಗಾಡಿ ತಿರುವು ದಾಟುವವರೆಗೂ ಮೆಟ್ಟಿಲ ಮೇಲೆ ನಿಂತಿದ್ದ. ಆ ದಿನ ಲಿಲಿಯನ್‌ಳಿಗೆ ಸಿಟ್ಟು ಬಾರದಿದ್ದದ್ದು ಅವನೊಬ್ಬನ ಮೇಲೆ.

*

ಕ್ಲಬ್ಬು ಹುಟ್ಟಿದ್ದು ಹೂರಾದ ಎರಡು ಕಟ್ಟಡಗಳ ನಡುವಿನ ಮರಳು ಜಾಗದಲ್ಲಿ. ರಜೆಯ ಶುಕ್ರವಾರವಿಡೀ ರೂಮಿನಲ್ಲಿ ಬಿದ್ದುಕೊಂಡಿರುವ ಬದಲು ಆಡೋಣವೆಂದು, ಗೋದಾಮಿನಲ್ಲಿ ಸ್ಟೋರ್‌ಕೀಪರನಾಗಿದ್ದ ಯುಸ್ಟೇಸ್ ಕರಾವಳಿಯ ಹುಡುಗರನ್ನು ಒಟ್ಟುಮಾಡಿದ. ಹಳದಿ ಅಂಗಿ, ಎದೆಯ ಮೇಲೆ ‘ಹೂರಾ ಬಾಯ್ಸ್’. ಮೊದಲ ಗೋಲನ್ನು ಲೋಕಯ್ಯ ಕಬ್ಬಿಣದ ಪೈಪುಗಳಿಂದ ಮರಳಿನಲ್ಲೇ ಬೆಸೆದು ನಿಲ್ಲಿಸಿದ. ಎರಡನೆಯದರ ಹೊತ್ತಿಗೆ ಜುಲೈ ಬಂತು. ಹೊರಗೆ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು.

“ನಮ್ಮ ಫ್ಲಾಟಿಗೆ ತಾ ಮಾರಾಯ. ಎಸಿ ಉಂಟು,” ಎಂದ ಯುಸ್ಟೇಸ್.

ಪೈಪುಗಳು ಮೂರನೆಯ ಮಹಡಿಗೆ ಸಲೀಸಾಗಿ ಹತ್ತಿದವು. ಬೆಸುಗೆಯೂ ಒಳ್ಳೆಯದಾಯಿತು. ಬಾಗಿಲ ಬಳಿಗೆ ತಂದಾಗಲೇ ಇಬ್ಬರು ಜಾಣರಿಗೂ ಬುದ್ಧಿ ಬಂದದ್ದು. ಎಷ್ಟು ವಾಲಿಸಿದರೂ, ಯಾವ ಕಡೆ ತಿರುಗಿಸಿದರೂ ಗೋಲು ಹೊರಗೆ ಹೋಗಲೊಲ್ಲದು. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಲಿಲಿಯನ್, ಮದುವೆಯಾಗಿ ಇನ್ನೂ ವರ್ಷ ತುಂಬದವಳು, ತನ್ನ ಮನೆಯ ಗೋಡೆಯಿಂದ ಗೋಡೆಗೆ ನಿಂತಿದ್ದ ಗೋಲನ್ನು ನೋಡಿ ಚೀಲವನ್ನು ಕೆಳಗಿಡುವುದನ್ನೂ ಮರೆತಳು.

“ಬರುವ ಶುಕ್ರವಾರ ಕತ್ತರಿಸಿ ತೆಗೀತೇನೆ ಬಾಯಮ್ಮ,” ಎಂದು ಲೋಕಯ್ಯ ಆಣೆ ಹಾಕಿದ.

ಆ ಶುಕ್ರವಾರ ಬರಲೇ ಇಲ್ಲ. ಮೈದಾನಕ್ಕೆ ಬೇರೆ ಗೋಲು ಬಂತು, ಇದು ಮನೆಯಲ್ಲೇ ಉಳಿಯಿತು. ಮೊದಲು ಅದರ ಮೇಲೆ ಬಟ್ಟೆ ಒಣಗಿತು. ಆಮೇಲೆ ಜೋಯ್ಲಿನ್ ಹುಟ್ಟಿದಾಗ ಅಡ್ಡಪೈಪಿಗೆ ಸೀರೆ ಕಟ್ಟಿ ತೊಟ್ಟಿಲು ಮಾಡಿದರು. ಲಿಲಿಯನ್ ದಿನಕ್ಕೊಮ್ಮೆ ಅದಕ್ಕೆ ಕಾಲು ತಾಗಿಸಿಕೊಂಡು ಶಾಪ ಹಾಕುತ್ತಿದ್ದಳು. ಯುಸ್ಟೇಸ್ ನಗುತ್ತಿದ್ದ.

ಮೂರು ವರ್ಷದ ಹಿಂದೆ ಮರಳು ಜಾಗಕ್ಕೆ ಬೇಲಿ ಬಿದ್ದು ಕಾರ್ ಪಾರ್ಕ್ ಆಯಿತು. ಸೀಫಿನಲ್ಲಿ ಹಸಿರು ಹಾಸಿನ ಮೈದಾನವಿದೆ, ಕಂಪನಿಯೊಂದು ಜರ್ಸಿ ಕೊಡುತ್ತದೆ, ಹೆಸರು ಮಾತ್ರ ಬದಲಾಗಬೇಕು ಎಂದ ಕೆನೆತ್.

“ಜಾಗ ಹೋದ್ರೆ ಹೆಸರೂ ಹೋಗ್ಬೇಕಾ?” ಯುಸ್ಟೇಸ್ ಮೇಜು ಗುದ್ದಿದ್ದ. “ಹೂರಾದ ಹುಡುಗರು ಅಲ್ಲಿಗೆ ಹೇಗೆ ಬರ್ತಾರೆ? ಕಾರುಂಟಾ ಅವರಿಗೆ?”

ಅವನನ್ನೇ ಹೊರಗೆ ಹಾಕುವ ಮಾತು ಬಂತು. ಒಪ್ಪುವವರು ಕೈ ಎತ್ತಬೇಕು. ಲೋಕಯ್ಯನ ಮಗ ತಿಲಕ್‌ಗೆ ಅದೇ ಕಂಪನಿಯಲ್ಲಿ ಕೆಲಸ ಕೊಡಿಸುವ ಮಾತಾಗಿತ್ತು. ಲೋಕಯ್ಯ ನೆಲ ನೋಡುತ್ತಾ ಕೈ ಎತ್ತಿದ.

ಯುಸ್ಟೇಸ್ ಹಾಸಿಗೆ ಹಿಡಿದ ಮೇಲೆ ಲೋಕಯ್ಯ ಆಗಾಗ ಹುಸೈನಬ್ಬನ ಅಂಗಡಿಯವರೆಗೆ ಬರುತ್ತಿದ್ದ. ಕುಬ್ಬೂಸ್ ರೊಟ್ಟಿ ಕಟ್ಟಿಸಿಕೊಂಡು, ಮೂರನೆಯ ಮಹಡಿಯ ಕಿಟಕಿ ನೋಡಿ, ಹಿಂದಿರುಗುತ್ತಿದ್ದ.

“ಕುಬ್ಬೂಸ್ ನಿಮ್ಮ ಕಡೆ ಸಿಗುದಿಲ್ವಾ?” ಹುಸೈನಬ್ಬ ಒಮ್ಮೆ ರೇಗಿದ್ದ. “ಒಂದ್ಸಲ ಮೇಲೆ ಹೋಗಿ ಮಾರಾಯ್ರೆ.”

ಲೋಕಯ್ಯ ಹೋಗಲಿಲ್ಲ.

*

ಗುಂಡಿಗೆ ಮಣ್ಣು ಬಿದ್ದ ಮೇಲೆ ಲಿಲಿಯನ್ ನೇರವಾಗಿ ಲೋಕಯ್ಯನ ಹತ್ತಿರ ಬಂದಳು.

“ಇವತ್ತು ಎಂತ ವಾರ?”

“ಶುಕ್ರವಾರ, ಬಾಯಮ್ಮ.”

“ನಾನು ಫ್ಲಾಟ್ ಬಿಡ್ಲಿಕ್ಕುಂಟು. ನಿನ್ನ ಕಟ್ಟರ್ ತೆಕ್ಕೊಂಡು ಬಾ.”

ಸಂಜೆ ಅವನು ಬಂದಾಗ ಅಡ್ಡಪೈಪಿನ ಮೇಲೆ ಯುಸ್ಟೇಸನ ಹಾಸಿಗೆ ಬಟ್ಟೆ, ಎರಡು ಬನಿಯನ್ ಒಣಗಿ ನೇತಾಡುತ್ತಿದ್ದವು. ಲಿಲಿಯನ್ ಒಂದೊಂದಾಗಿ ತೆಗೆದಳು. ತೊಟ್ಟಿಲು ಕಟ್ಟುತ್ತಿದ್ದಲ್ಲಿ ಬಣ್ಣ ಹೋಗಿ ಕಬ್ಬಿಣ ನುಣುಪಾಗಿತ್ತು. ಲೋಕಯ್ಯನ ಬೆರಳು ಅಲ್ಲೇ ನಿಂತಿತು.

“ಬಾಯಮ್ಮ, ಅವತ್ತು ತಿಲಕ್‌ನ ಕೆಲಸದ್ದು ಒಂದು...”

“ಕತ್ತರಿಸು.”

ಕಿಡಿ ಹಾರಿತು. ಕಂಬಗಳು ಕಳಚಿಕೊಂಡವು, ಅಡ್ಡಪೈಪು ಲೋಕಯ್ಯನ ಹೆಗಲಿಗೆ ಬಂತು. ಒಬ್ಬನೇ ಮೆಟ್ಟಿಲ ತಿರುವಿನಲ್ಲಿ ಇಳಿಸುವುದು ಆಗದ ಮಾತು. ಕೆನೆತ್ ಕಳಿಸಿದ್ದ ಇಬ್ಬರು ನೀಲಿ ಜರ್ಸಿಯವರು ಬಾಗಿಲಲ್ಲಿ ಇಣುಕಿದರು.

“ನೀವು ಬೇಡ,” ಎಂದಳು ಲಿಲಿಯನ್.

“ನಾನು ಹಿಡೀತೇನೆ ಮಮ್ಮಿ,” ಎಂದು ಜೋಯ್ಲಿನ್ ಮುಂದೆ ಬಂದಳು.

“ನೀನು ಇದರಲ್ಲಿ ಮಲಗಿದವಳು. ಅಷ್ಟು ಸಾಕು.”

ಲಿಲಿಯನ್ ಯುಸ್ಟೇಸನ ಹಾಸಿಗೆ ಬಟ್ಟೆಯನ್ನು ಮಡಚಿ ಹೆಗಲಿಗೆ ಇಟ್ಟುಕೊಂಡು ಇನ್ನೊಂದು ತುದಿಗೆ ಹೆಗಲು ಕೊಟ್ಟಳು. ಲೋಕಯ್ಯ ತಿರುಗಿ ನೋಡಿದ. ಬಾಯಿ ತೆರೆದ.

“ನಡಿ. ಮಾತು ಬೇಡ.”

ಆದರೂ ತಿರುವಿನಲ್ಲಿ ಹಳೆಯ ಅಭ್ಯಾಸದಿಂದ ಅವನ ಬಾಯಿಂದ ಬಂತು: “ಬಲಕ್ಕೆ... ಸ್ವಲ್ಪ ಇಳಿಸಿ...” ಅವಳು ಬಲಕ್ಕೆ ತಿರುಗಿ, ಸ್ವಲ್ಪ ಇಳಿಸಿದಳು.

ಕೆಳಗೆ ಹುಸೈನಬ್ಬ ಶಟರನ್ನು ಪೂರ್ತಿ ಎತ್ತಿ ವ್ಯಾಪಾರಕ್ಕೆ ಕೂತಿದ್ದ. ಮುಂದೆ ಟವೆಲು ಹೊದ್ದ ಹೆಗಲು, ಹಿಂದೆ ಕಪ್ಪುಡುಗೆಯ ಲಿಲಿಯನ್, ನಡುವೆ ಬಿಳಿಯ ಉದ್ದನೆಯ ಪೈಪು. ಇಬ್ಬರೂ ಹೆಜ್ಜೆ ಕೂಡಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಗಲ್ಲಿಗೆ ಇಳಿದರು. ಹುಸೈನಬ್ಬ ಕೈಯಲ್ಲಿದ್ದ ಹಾಲಿನ ಪ್ಯಾಕೆಟನ್ನು ಕೆಳಗಿಟ್ಟು ಎದ್ದು ಬಂದು, ಶಟರನ್ನು ಮತ್ತೆ ಅರ್ಧಕ್ಕೆ ಎಳೆದ.